ಅವ್ವನ ಫೋನು, ಬಿಪಿ ಗುಳಿಗೆ: ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಹಳ್ಳಿಯಲ್ಲಿರುವ ಹಿರಿಯರಿಗೆ ಅಧಿಕ ರಕ್ತದೊತ್ತಡದ ತಿಳಿವಳಿಕೆಯನ್ನು ಮೊಬೈಲ್ ಮೂಲಕ ಮುಟ್ಟಿಸುವುದು ಹೇಗೆ ಎಂಬ ವಿಷಯವಾಗಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಐದನ್ನು ಈ ಬಾರಿ ಎತ್ತಿಕೊಂಡಿದ್ದೇನೆ. ಬರೆದವರ ಹೆಸರು, ಊರುಗಳನ್ನು ಬಿಟ್ಟಿದ್ದೇನೆ. ಪತ್ರಗಳನ್ನು ಸ್ವಲ್ಪ ಸಂಕ್ಷೇಪಿಸಿದ್ದೇನೆ.

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. ಹಾವೇರಿ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ, ಓದು ಬರಹ ಬಾರದು. ಮೂರು ವರ್ಷದ ಹಿಂದೆ ಅವರಿಗೆ ಬಿಪಿ ಇರುವುದು ಗೊತ್ತಾಗಿ ವೈದ್ಯರು ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. ನಾನು ಬೆಂಗಳೂರಿನಲ್ಲಿದ್ದೇನೆ. ಅವರಿಗೊಂದು ಸ್ಮಾರ್ಟ್‌ಫೋನ್ ಕೊಡಿಸಿ, ದಿನವೂ ಬಿಪಿಯ ಬಗ್ಗೆ ಒಂದು ವಿಡಿಯೊ ಕಳಿಸುತ್ತೇನೆ. ರಾತ್ರಿ 8 ಗಂಟೆಗೆ ಗುಳಿಗೆಯ ಅಲಾರಂ ಕೂಡ ಇಟ್ಟಿದ್ದೇನೆ. ಹೋದ ತಿಂಗಳು ಊರಿಗೆ ಹೋದಾಗ ನೋಡಿದರೆ ಗುಳಿಗೆಯ ಶೀಟು ಅರ್ಧಕ್ಕರ್ಧ ಹಾಗೇ ಉಳಿದಿತ್ತು. ಕೇಳಿದರೆ, ‘ಈಗ ನನಗ ಆರಾಮ ಐತಿ, ಗುಳಿಗಿ ಯಾಕ ನುಂಗಬೇಕು?’ ಎಂದರು. ನಾನು ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ತಾಯಿಯವರು ಗುಳಿಗೆಯನ್ನು ಮರೆತು ಬಿಟ್ಟಿಲ್ಲ, ಯೋಚಿಸಿ ಬಿಟ್ಟಿದ್ದಾರೆ. ಮರೆಯುವವರಿಗೆ ಅಲಾರಂ ನೆರವಾದೀತು. ಬೇಡವೆಂದು ತೀರ್ಮಾನಿಸಿದವರು ಅದನ್ನು ಆರಿಸಿ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಜ್ವರ ಬಂದಾಗ ಗುಳಿಗೆ, ಜ್ವರ ಬಿಟ್ಟ ಮೇಲೆ ಗುಳಿಗೆ ಬಂದ್ ಎಂಬುದು ಅವರು ಜೀವಮಾನವಿಡೀ ಕಂಡ ಕ್ರಮ. ಅದೇ ಲೆಕ್ಕವನ್ನು ಬಿಪಿಗೂ ಹಾಕಿದ್ದಾರೆ. ಈ ಲೆಕ್ಕ ಇಲ್ಲಿ ಏಕೆ ನಡೆಯುವುದಿಲ್ಲ ಎಂಬುದೊಂದನ್ನು ಬಿಟ್ಟು, ನೀವು ಕಳಿಸಿದ ವಿಡಿಯೊಗಳು ಪ್ರಾಯಶಃ ಉಳಿದೆಲ್ಲವನ್ನೂ ಹೇಳಿರಬಹುದು. ಆದ್ದರಿಂದ ಮೊದಲು ಮುಟ್ಟಬೇಕಾದದ್ದು ಈ ಒಂದೇ ಮಾತು: ಬಿಪಿ ಹೆಚ್ಚಿದ್ದರೂ ಬಹುಪಾಲು ಜನರಿಗೆ ತಲೆನೋವಾಗಲಿ ತಲೆಸುತ್ತಾಗಲಿ ಬರುವುದೇ ಇಲ್ಲ. ಜಗತ್ತಿನಲ್ಲಿ 30ರಿಂದ 79ರ ವಯಸ್ಸಿನ ಸುಮಾರು 140 ಕೋಟಿ ಜನರಿಗೆ ಅಧಿಕ ರಕ್ತದೊತ್ತಡವಿದೆ, ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಅದು ಇರುವುದೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗೊತ್ತಾಗದಿರುವುದಕ್ಕೆ ಕಾರಣ ಇದೇ, ದೇಹ ಏನನ್ನೂ ಹೇಳುವುದಿಲ್ಲ.

ಹೊಲದ ಕೆಲಸ ಕಂಡವರಿಗೆ ನಾನು ಪಂಪ್‌ಸೆಟ್ಟಿನ ಪೈಪಿನ ಉದಾಹರಣೆ ಹೇಳುತ್ತೇನೆ. ಆ ತುದಿಯ ಗೇಟ್‌ವಾಲ್ವ್ ಅರ್ಧ ಮುಚ್ಚಿ ಮೋಟಾರು ಓಡಿಸುತ್ತಲೇ ಇದ್ದರೆ ಪೈಪು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಒಳಗೆ ಒತ್ತಡ ತಿಂದು ತಿಂದು ಒಂದು ದಿನ ಎಲ್ಲಿ ಮೆತ್ತಗಿದೆಯೋ ಅಲ್ಲಿ ಸೀಳುತ್ತದೆ. ನಮ್ಮ ದೇಹದಲ್ಲಿ ಹಾಗೆ ಸೀಳುವ ಜಾಗ ಮಿದುಳಿನ ರಕ್ತನಾಳವಾದರೆ ಲಕ್ವ ಹೊಡೆಯುತ್ತದೆ. ಹೃದಯ, ಮೂತ್ರಪಿಂಡ, ಕಣ್ಣು ಕೂಡ ಇದೇ ಒತ್ತಡಕ್ಕೆ ವರ್ಷಗಟ್ಟಲೆ ಸವೆಯುತ್ತವೆ. ಗುಳಿಗೆ ಆ ಒತ್ತಡವನ್ನು ಒಂದು ದಿನದ ಮಟ್ಟಿಗೆ ಇಳಿಸಿಡುತ್ತದೆ, ಮರುದಿನಕ್ಕೆ ಮತ್ತೊಂದು ಗುಳಿಗೆ ಬೇಕು. ತಪಾಸಣೆಯಲ್ಲಿ ಅವರ ಬಿಪಿ ಸರಿಯಾಗಿ ಬಂದಿದ್ದರೆ ಅದು ಗುಳಿಗೆಯಿಂದ ಬಂದದ್ದು. ಇಷ್ಟು ಅವರ ಮನಸ್ಸಿಗೆ ಇಳಿದರೆ ಅರ್ಧ ಕೆಲಸ ಮುಗಿದಂತೆ.

ಇದನ್ನು ವಿಡಿಯೊದಲ್ಲಿ ಕಳಿಸಬೇಡಿ, ನೀವೇ ಫೋನ್ ಮಾಡಿ ಹೇಳಿ. ಸ್ಮಾರ್ಟ್‌ಫೋನಿನಲ್ಲಿ ವಿಡಿಯೊ ನೋಡಬೇಕಾದರೆ ಡೇಟಾ ಇರಬೇಕು, ಕಣ್ಣು ಚೆನ್ನಾಗಿರಬೇಕು, ಬಂದ ಸಂದೇಶವನ್ನು ತೆರೆಯಲು ಬರಬೇಕು. ಕಣ್ಣಿಗೆ ಪೊರೆ ಬಂದಿರುವ, ಕಳೆ ಕಿತ್ತು ಬೆರಳು ಒರಟಾಗಿರುವ ಹಿರಿಯರಿಗೆ ಗಾಜಿನ ಪರದೆ ಸುಲಭದ ವಸ್ತುವಲ್ಲ. ಕರೆ ಬಂದಾಗ ಹಸಿರು ಗುಂಡಿ ಒತ್ತುವುದು ಎಲ್ಲರಿಗೂ ಬರುತ್ತದೆ. ಗರ್ಭಿಣಿಯರಿಗೆ, ಹಸುಗೂಸಿನ ತಾಯಂದಿರಿಗೆ ತಿಳಿವಳಿಕೆ ನೀಡಲು ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ ಕಿಲ್ಕಾರಿ ಎಂಬ ಸೇವೆ ಅಕ್ಷರದ ಸಂದೇಶವನ್ನು ಬಿಟ್ಟು ಧ್ವನಿಯ ಕರೆಯನ್ನೇ ಆರಿಸಿಕೊಂಡಿತು: ಒಟ್ಟು 72 ಧ್ವನಿಸಂದೇಶಗಳು, ವಾರಕ್ಕೊಂದರಂತೆ, ಆ ವಾರಕ್ಕೆ ಬೇಕಾದ ಒಂದು ವಿಷಯ. ಈ ಕ್ರಮವನ್ನು ನಿಮ್ಮ ಮನೆಯ ಮಟ್ಟಿಗೆ ನೀವೂ ಅನುಸರಿಸಬಹುದು. ವಾರಕ್ಕೆ ಎರಡು ಬಾರಿ ಮೂರು ನಿಮಿಷ ಮಾತಾಡಿ, ಪ್ರತಿ ಬಾರಿಯೂ ಒಂದೇ ಸಂಗತಿ ಹೇಳಿ. ಮೊದಲ ವಾರ ಆರಾಮ ಇದ್ದರೂ ಗುಳಿಗೆ ಏಕೆ ಎಂಬುದು, ಮುಂದಿನ ವಾರ ಯಾವ ಹೊತ್ತಿಗೆ ಎಂಬುದು, ಅದರ ಮುಂದಿನ ವಾರ ಉಪ್ಪಿನಕಾಯಿಯ ವಿಚಾರ. ದಿನವೂ ಹತ್ತು ವಿಷಯ ಕಳಿಸಿದರೆ ಹತ್ತೂ ಒಂದರ ಮೇಲೊಂದು ಬಿದ್ದು ಯಾವುದೂ ನಿಲ್ಲುವುದಿಲ್ಲ.

ಹೇಳಿದ ಮೇಲೆ ‘ತಿಳೀತಾ?’ ಎಂದು ಕೇಳಬೇಡಿ. ಮಗ ಕೇಳಿದರೆ ಯಾವ ತಾಯಿಯೂ ‘ಹೂಂ’ ಎನ್ನುತ್ತಾಳೆ. ‘ಅವ್ವ, ಪಕ್ಕದ ಮನಿ ಅಕ್ಕಾರು ಬಂದು, ಆರಾಮ ಇದ್ರೂ ಗುಳಿಗಿ ಯಾಕ ತಗೋತಿ ಅಂತ ಕೇಳಿದ್ರ ಏನ್ ಹೇಳ್ತಿ?’ ಎಂದು ಕೇಳಿ. ಅವರು ತಮ್ಮ ಮಾತಿನಲ್ಲಿ ಅದನ್ನು ಹೇಳಿದರೆ ವಿಷಯ ಅವರದ್ದಾಗಿದೆ. ತಡವರಿಸಿದರೆ ನೀವು ಹೇಳಿದ ರೀತಿ ಅವರಿಗೆ ಹಿಡಿದಿಲ್ಲ, ಇನ್ನೊಂದು ರೀತಿಯಲ್ಲಿ ಹೇಳಬೇಕು. ಹಾಗೆಯೇ ‘ಗುಳಿಗೆ ತಗೊಂಡಿ ಹೌದಲ್ಲೋ?’ ಎಂಬ ಪ್ರಶ್ನೆಯನ್ನೂ ಬಿಡಿ, ಅದರಲ್ಲಿ ಬೈಗುಳದ ವಾಸನೆ ಇರುತ್ತದೆ. ‘ಈ ವಾರ ಎಷ್ಟು ದಿನ ತಪ್ಪಿತು?’ ಎಂದು ಕೇಳಿದರೆ ತಪ್ಪುವುದು ಸಹಜವೆಂದು ನೀವು ಒಪ್ಪಿದಂತಾಗಿ ಅವರು ನಿಜ ಹೇಳುತ್ತಾರೆ.

ಗುಳಿಗೆ ಬಿಡಲು ಅವರು ಹೇಳದೆ ಇರುವ ಕಾರಣವೂ ಇರಬಹುದು, ಅದನ್ನು ಕೆದಕಿ ಕೇಳಿ. ಆಮ್ಲೋಡಿಪಿನ್ ಗುಳಿಗೆಯಿಂದ ಕೆಲವರಿಗೆ ಕಾಲಿನ ಹರಡಿನ ಹತ್ತಿರ ಬಾವು ಬರುತ್ತದೆ. ಎನಾಲಾಪ್ರಿಲ್ ಕೆಲವರಿಗೆ ಒಣಕೆಮ್ಮು ತರುತ್ತದೆ. ಮೂತ್ರ ಹೆಚ್ಚಿಸುವ ಗುಳಿಗೆಯನ್ನು ಸಂಜೆ ನುಂಗಿದರೆ ರಾತ್ರಿ ಎರಡು ಮೂರು ಸಲ ಎದ್ದು ಕತ್ತಲಲ್ಲಿ ಹಿತ್ತಲಿಗೆ ಹೋಗಬೇಕಾಗುತ್ತದೆ. ಒಂಟಿಯಾಗಿರುವ ಹೆಂಗಸು ಅದಕ್ಕೆ ಹೆದರಿ ಗುಳಿಗೆಯನ್ನೇ ಬಿಟ್ಟರೆ ಆಶ್ಚರ್ಯವಿಲ್ಲ. ನಿಮ್ಮ ಅಲಾರಂ ರಾತ್ರಿ 8ಕ್ಕೆ ಇದೆ, ಅವರ ಗುಳಿಗೆ ಯಾವುದೆಂದು ನೋಡಿದ್ದೀರಾ? ಇವೆಲ್ಲಕ್ಕೂ ವೈದ್ಯರ ಬಳಿ ಪರಿಹಾರವಿದೆ: ಗುಳಿಗೆ ಬದಲಿಸಬಹುದು, ಬೆಳಗಿನ ಹೊತ್ತಿಗೆ ಸರಿಸಬಹುದು. ತಾವಾಗಿಯೇ ನಿಲ್ಲಿಸುವುದೊಂದು ಕೂಡದು. ಮಂಡಿನೋವಿಗೆ ಡೈಕ್ಲೋಫೆನಾಕ್‌ನಂಥ ಗುಳಿಗೆಯನ್ನೋ ಸೂಜಿಯನ್ನೋ ಅವರು ಆಗಾಗ ತೆಗೆದುಕೊಳ್ಳುತ್ತಾರೆಯೇ ಎಂಬುದನ್ನೂ ವಿಚಾರಿಸಿ, ಅಂಥ ನೋವುನಿವಾರಕಗಳು ಬಿಪಿಯನ್ನು ಏರಿಸುತ್ತವೆ.

ಹೊತ್ತನ್ನು ಗಡಿಯಾರದಲ್ಲಿ ಹೇಳುವುದಕ್ಕಿಂತ ಅವರ ದಿನಚರಿಗೆ ಕಟ್ಟಿ. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿದ ಮೇಲೆ, ಅಥವಾ ಮೊದಲ ಚಹಾದ ಕಪ್ಪು ಕೆಳಗಿಟ್ಟ ಮೇಲೆ ಎಂದು ಗೊತ್ತುಮಾಡಿ, ಗುಳಿಗೆಯ ಡಬ್ಬಿಯನ್ನು ಅಲ್ಲೇ ಇಡಿಸಿ. ನಿಮ್ಮ ಫೋನ್ ತಪ್ಪದೇ ಹೋಗಬೇಕಾದ ದಿನ ಒಂದಿದೆ, ಗುಳಿಗೆ ಮುಗಿಯುವುದಕ್ಕೆ ನಾಲ್ಕು ದಿನ ಮುಂಚೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ಗುಳಿಗೆ ಉಚಿತವಾಗಿ ಸಿಗುತ್ತದೆ, ಆದರೆ ಅಲ್ಲಿಗೆ ಯಾರು ಹೋಗಬೇಕು, ಬಸ್ಸು ಯಾವಾಗ, ಆ ದಿನ ಕೂಲಿಗೆ ಹೋಗಬೇಕಿದೆಯೇ ಎಂಬ ಸಣ್ಣ ತೊಡಕುಗಳಲ್ಲಿ ಎಷ್ಟೋ ಜನರ ಚಿಕಿತ್ಸೆ ನಿಂತುಹೋಗುತ್ತದೆ. ಊರಿನ ಆಶಾ ಕಾರ್ಯಕರ್ತೆಯ ನಂಬರ್ ನಿಮ್ಮ ಫೋನಿನಲ್ಲಿ ಇರಲಿ.

ಪ್ರಶ್ನೆ: ನಮ್ಮ ಮಾವನವರಿಗೆ 71 ವರ್ಷ. ವಾಟ್ಸ್ಆ್ಯಪ್‌ನಲ್ಲಿ ಬಂದ ಒಂದು ಸಂದೇಶ ನೋಡಿ, ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಬೆಳ್ಳುಳ್ಳಿ ತಿನ್ನಲು ಆರಂಭಿಸಿ ಮಾತ್ರೆ ನಿಲ್ಲಿಸಿದ್ದಾರೆ. ಮೊಮ್ಮಗ ಅವರ ಫೋನಿಗೆ ಬೆರಳಿಟ್ಟರೆ ಬಿಪಿ ತೋರಿಸುವ ಆ್ಯಪ್ ಒಂದನ್ನು ಹಾಕಿಕೊಟ್ಟಿದ್ದಾನೆ. ಅದರಲ್ಲಿ ದಿನವೂ ನಾರ್ಮಲ್ ಬರುತ್ತದೆ. ನಂಬಬಹುದೇ? (ತುಮಕೂರು ಜಿಲ್ಲೆಯಿಂದ)

ಉತ್ತರ: ನಂಬಬಾರದು. ಕ್ಯಾಮೆರಾದ ಮೇಲೆ ಬೆರಳಿಟ್ಟರೆ ನಾಡಿಬಡಿತ ಎಣಿಸಬಹುದು; ತೋಳಿಗೆ ಪಟ್ಟಿ ಕಟ್ಟದೆ ಬರಿಯ ಫೋನು ತೋರಿಸುವ ಬಿಪಿ ಅಂಕಿಯ ಮೇಲೆ ಮಾತ್ರೆಯ ನಿರ್ಧಾರ ಮಾಡುವಂತಿಲ್ಲ. ಇಂಥದ್ದೇ ಒಂದು ಜನಪ್ರಿಯ ಆ್ಯಪನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ವೈದ್ಯರು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನಿಜಕ್ಕೂ ಬಿಪಿ ಹೆಚ್ಚಿದ್ದವರ ಪೈಕಿ ಸುಮಾರು ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಜನರಿಗೆ ಅದು ನಾರ್ಮಲ್ ಎಂದೇ ತೋರಿಸಿತ್ತು. ಕೆಟ್ಟ ಸುದ್ದಿಯನ್ನು ಮುಚ್ಚಿಟ್ಟು ಸಮಾಧಾನ ಹೇಳುವ ಯಂತ್ರ ಇಲ್ಲದಿರುವುದೇ ಮೇಲು. ಮೊಮ್ಮಗ ಪ್ರೀತಿಯಿಂದ ಮಾಡಿದ್ದಾನೆ, ಅವನ ಕೈಯಿಂದಲೇ ಅದನ್ನು ತೆಗೆಸಿ.

ಬೆಳ್ಳುಳ್ಳಿಯ ವಿಚಾರದಲ್ಲಿ ಮಾವನವರೊಡನೆ ಜಗಳಕ್ಕೆ ಇಳಿಯಬೇಡಿ. ಅವರು ಬೆಳ್ಳುಳ್ಳಿ ತಿನ್ನಲಿ, ಮೆಂತ್ಯ ನೆನೆಸಿ ಕುಡಿಯಲಿ, ಅಡುಗೆಯ ಪ್ರಮಾಣದಲ್ಲಿ ಅದರಿಂದ ಕೇಡಿಲ್ಲ. ಹಾನಿ ಆಗುವುದು ಮಾತ್ರೆ ಬಿಟ್ಟದ್ದರಿಂದ. ‘ಅದನ್ನೂ ತಿನ್ನಿ, ಇದನ್ನೂ ನುಂಗಿ, ಹದಿನೈದು ದಿನಕ್ಕೊಮ್ಮೆ ಉಪಕೇಂದ್ರದಲ್ಲಿ ಬಿಪಿ ನೋಡಿಸೋಣ, ಮಾತ್ರೆ ಕಡಿಮೆ ಮಾಡುವುದಾದರೆ ಡಾಕ್ಟರೇ ಮಾಡಲಿ’ ಎಂದರೆ ಅವರ ಮಾನವೂ ಉಳಿಯುತ್ತದೆ, ಚಿಕಿತ್ಸೆಯೂ ಉಳಿಯುತ್ತದೆ. ಅವರ ಮಾತ್ರೆ ಯಾವುದೆಂದು ಮಾತ್ರ ಇಂದೇ ನೋಡಿ. ಅಟೆನೊಲಾಲ್, ಕ್ಲೊನಿಡಿನ್ ಮುಂತಾದವನ್ನು ಒಮ್ಮೆಲೇ ನಿಲ್ಲಿಸಿದರೆ ಬಿಪಿ ಮೊದಲಿಗಿಂತ ಮೇಲೇರುವ ಅಪಾಯವಿದೆ. ಅಂಥದ್ದಾಗಿದ್ದರೆ ಕಾಯದೆ ವೈದ್ಯರಿಗೆ ತೋರಿಸಿ.

ವಾಟ್ಸ್ಆ್ಯಪ್‌ನಲ್ಲಿ ಬರುವ ಔಷಧದ ಮಾತನ್ನು ತೂಗಿ ನೋಡಲು ಹಿರಿಯರಿಗೆ ಒಂದು ಪ್ರಶ್ನೆ ಕಲಿಸಿದರೆ ಸಾಕು: ‘ನುಂಗುತ್ತಿರುವ ಮಾತ್ರೆಯನ್ನು ಬಿಡಿ ಎಂದು ಇದು ಹೇಳುತ್ತದೆಯೇ?’ ಹೇಳುತ್ತದೆ ಎಂದಾದರೆ ಅದನ್ನು ಯಾರಿಗೂ ಮುಂದೆ ಕಳಿಸಬಾರದು, ಆಶಾ ಕಾರ್ಯಕರ್ತೆಗೋ ಆರೋಗ್ಯ ಸಹಾಯವಾಣಿ 104ಕ್ಕೋ ಕೇಳಬೇಕು.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಿಪಿ, ಶುಗರ್ ಬಗ್ಗೆ ಮಾಹಿತಿ ಹಾಕುತ್ತಿರುತ್ತೇನೆ. ಆದರೆ ಬಿಪಿ ಇರುವ ಅಜ್ಜ ಅಜ್ಜಿಯರು ಆ ಗುಂಪಿನಲ್ಲೇ ಇಲ್ಲ, ಅವರ ಮಕ್ಕಳು ನೋಡಿ ಬಿಡುತ್ತಾರೆ. ಮೊಬೈಲ್‌ನಿಂದ ನಿಜವಾಗಿ ಬಿಪಿ ಇಳಿಯುತ್ತದೆಯೇ ಅಥವಾ ನಮ್ಮ ಶ್ರಮ ವ್ಯರ್ಥವೇ? (ರಾಯಚೂರು ಜಿಲ್ಲೆಯಿಂದ)

ಉತ್ತರ: ನಿಮ್ಮ ಪ್ರಶ್ನೆಯನ್ನು ದೊಡ್ಡ ದೊಡ್ಡ ಸಂಶೋಧಕರೂ ಕೇಳಿದ್ದಾರೆ, ಅವರಿಗೆ ಸಿಕ್ಕ ಉತ್ತರವನ್ನು ನಿಮ್ಮಿಂದ ಬಚ್ಚಿಡುವುದು ಸರಿಯಲ್ಲ. ಹರಿಯಾಣ ಮತ್ತು ನಮ್ಮ ಕರ್ನಾಟಕದ ಒಟ್ಟು 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಎಂವೆಲ್‌ಕೇರ್ ಎಂಬ ಪ್ರಯೋಗ ನಡೆಯಿತು. ಬಿಪಿ, ಮಧುಮೇಹ ಇದ್ದ ಸುಮಾರು 3,700 ಜನರು ಅದರಲ್ಲಿದ್ದರು. ಅರ್ಧದಷ್ಟು ಕೇಂದ್ರಗಳಲ್ಲಿ ನರ್ಸ್‌ಗಳ ಕೈಗೆ ಟ್ಯಾಬ್ಲೆಟ್ ಕೊಟ್ಟು, ಯಾರಿಗೆ ಯಾವ ಚಿಕಿತ್ಸೆ ಎಂಬ ಸಲಹೆ ಅದರಲ್ಲೇ ಬರುವಂತೆ ಮಾಡಿ, ರೋಗಿಗಳಿಗೆ ಮಾತ್ರೆ ಮತ್ತು ಮರುಭೇಟಿಯನ್ನು ನೆನಪಿಸುವ ಎಸ್ಸೆಮ್ಮೆಸ್ ಕಳಿಸಲಾಯಿತು. ಉಳಿದ ಕೇಂದ್ರಗಳಲ್ಲಿ ಸಿಬ್ಬಂದಿಗೆ ತರಬೇತಿ ಕೊಟ್ಟು ಚಿಕಿತ್ಸಾ ಕ್ರಮವನ್ನು ಗಟ್ಟಿ ಮಾಡಿದರು, ಮೊಬೈಲ್ ವ್ಯವಸ್ಥೆ ಇರಲಿಲ್ಲ. ಒಂದು ವರ್ಷದ ನಂತರ ಎರಡೂ ಕಡೆ ಬಿಪಿ ಇಳಿದಿತ್ತು, ಆದರೆ ಎರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಇದರ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಅದೇ ವರ್ಷ ಪ್ರಕಟವಾದ ಇನ್ನೊಂದು ಪ್ರಯೋಗ ನಡೆದದ್ದು ಆಂಧ್ರಪ್ರದೇಶದ ಪಶ್ಚಿಮ ಗೋದಾವರಿಯ 54 ಹಳ್ಳಿಗಳಲ್ಲಿ. ಅಲ್ಲಿ ನಿಮ್ಮಂತಹ ಆಶಾ ಕಾರ್ಯಕರ್ತೆಯರೇ ಟ್ಯಾಬ್ಲೆಟ್ ಹಿಡಿದು ಮನೆಮನೆಗೆ ಹೋಗಿ ಹೃದ್ರೋಗದ ಅಪಾಯ ಇರುವವರನ್ನು ಗುರುತಿಸಿ ವೈದ್ಯರ ಬಳಿಗೆ ಕಳಿಸಿದರು. ಅಲ್ಲಿಯೂ ಬಿಪಿ ಹತೋಟಿಯಲ್ಲಿ ಖಚಿತವಾದ ಹೆಚ್ಚಳ ಕಾಣಲಿಲ್ಲ.

ಇದನ್ನು ಓದಿ ಕೈಚೆಲ್ಲಬೇಡಿ. ನಾನು ಇದರಿಂದ ಅರ್ಥಮಾಡಿಕೊಂಡದ್ದು ಹೀಗೆ: ಎಂವೆಲ್‌ಕೇರ್‌ನ ಎರಡೂ ಬಗೆಯ ಕೇಂದ್ರಗಳಲ್ಲಿ ಬಿಪಿ ಇಳಿಸಿದ್ದು ಅಳೆಯುವ ಕೈ, ಬರೆದುಕೊಡುವ ವೈದ್ಯರು, ಕೈಗೆ ಸಿಗುವ ಮಾತ್ರೆ. ಇವು ಇದ್ದಲ್ಲಿ ಮೊಬೈಲ್ ಸಂದೇಶ ಅವುಗಳನ್ನು ಜೋಡಿಸುವ ದಾರವಾಗಬಲ್ಲದು. ಇವು ಇಲ್ಲದ ಕಡೆ ಸಂದೇಶಕ್ಕೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಚೀನಾದಲ್ಲಿ 326 ಹಳ್ಳಿಗಳ ಸುಮಾರು 34,000 ಜನರ ಮೇಲೆ ನಡೆದ ಅಧ್ಯಯನದಲ್ಲಿ ಹಳ್ಳಿಯ ಆರೋಗ್ಯ ಸಿಬ್ಬಂದಿಯೇ ನಿಗದಿತ ಕ್ರಮದಂತೆ ಮಾತ್ರೆ ಕೊಟ್ಟು, ರೋಗಿಗಳಿಗೆ ಮನೆಯಲ್ಲಿ ಬಿಪಿ ನೋಡುವುದನ್ನು ಕಲಿಸಿ, ಬೆನ್ನಿಗೆ ನಿಂತರು. ಹದಿನೆಂಟು ತಿಂಗಳಿಗೆ ಅಂಥ ಹಳ್ಳಿಗಳಲ್ಲಿ ನೂರರಲ್ಲಿ 57 ಜನರ ಬಿಪಿ ಹತೋಟಿಗೆ ಬಂದಿತ್ತು, ಉಳಿದ ಹಳ್ಳಿಗಳಲ್ಲಿ ಸುಮಾರು 20 ಜನರದು ಮಾತ್ರ. ಅಂದರೆ ಪಾಠ ಮತ್ತು ಮಾತ್ರೆ ಒಂದೇ ಕೈಯಿಂದ ಬಂದಾಗ ಕೆಲಸ ಮಾಡುತ್ತವೆ. ಆ ಕೈ ನಿಮ್ಮದು.

ಆದ್ದರಿಂದ ಗುಂಪಿಗೆ ಚಿತ್ರ ಹಾಕುವ ಶ್ರಮವನ್ನು ಕಡಿಮೆ ಮಾಡಿ, ಫೋನನ್ನು ಬೇರೆ ರೀತಿಯಲ್ಲಿ ಬಳಸಿ. ನಿಮ್ಮಲ್ಲಿರುವ ಬಿಪಿ ಪಟ್ಟಿಯಲ್ಲಿ ಈ ತಿಂಗಳು ಮಾತ್ರೆ ಒಯ್ಯಲು ಬಾರದವರು ಯಾರೆಂದು ಗುರುತುಹಾಕಿ, ಅವರಿಗೆ ಮಾತ್ರ ಕರೆ ಮಾಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಕೇಂದ್ರ ಆರೋಗ್ಯ ಸಚಿವಾಲಯ ಮುಂತಾದವು ಸೇರಿ 2017ರಲ್ಲಿ ಆರಂಭಿಸಿದ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದಲ್ಲಿ ಬಳಸಿದ ಸಿಂಪಲ್ ಎಂಬ ಆ್ಯಪ್‌ನ ಒಂದು ಮುಖ್ಯ ಉಪಯೋಗ ಇದೇ, ಭೇಟಿ ತಪ್ಪಿಸಿದವರ ಪಟ್ಟಿಯನ್ನು ನರ್ಸ್ ಮುಂದೆ ಇಟ್ಟು ಅವರಿಗೆ ಕರೆ ಮಾಡಿಸುವುದು. ಆ್ಯಪ್ ಇಲ್ಲದಿದ್ದರೂ ನಿಮ್ಮ ನೋಟ್‌ಬುಕ್ಕು ಆ ಕೆಲಸ ಮಾಡಬಲ್ಲದು.

ಫೋನೇ ಇಲ್ಲದವರ ವಿಚಾರಕ್ಕೆ ಬರೋಣ. ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ತಾವೇ ಬಳಸುವ ಮೊಬೈಲ್ ಇದ್ದವರು ನೂರಕ್ಕೆ 54 ಮಾತ್ರ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು, ಹಳ್ಳಿಗಳಲ್ಲಿ ಇನ್ನೂ ಕಡಿಮೆ. ಅಜ್ಜಿಯರ ಫೋನು ಎಂದರೆ ಬಹಳ ಕಡೆ ಮಗನ ಜೇಬಿನಲ್ಲಿರುವ ಫೋನು. ಅಂಥವರ ಬಳಿ ನಿಮ್ಮ ಫೋನನ್ನೇ ಒಯ್ಯಿರಿ. ಹಾಲಿನ ಡೇರಿ, ರೇಷನ್ ಅಂಗಡಿ, ಪಿಂಚಣಿ ಹಂಚುವ ದಿನ, ಗುಡಿಯ ಕಟ್ಟೆ, ಹಿರಿಯರು ಹೇಗೂ ಕಾಯುತ್ತ ಕೂರುವ ಜಾಗಗಳು ಇವು. ಎರಡು ನಿಮಿಷದ ಧ್ವನಿಯನ್ನು ಸ್ಪೀಕರ್‌ಗೆ ಹಾಕಿ ಕೇಳಿಸಿ, ನಂತರ ನಾಲ್ಕು ಮಾತಾಡಿ. ಆ ಧ್ವನಿಯನ್ನು ನೀವೇ ನಿಮ್ಮ ಊರಿನ ಮಾತಿನಲ್ಲಿ ರೆಕಾರ್ಡ್ ಮಾಡಿದರೆ ಪುಸ್ತಕದ ಕನ್ನಡಕ್ಕಿಂತ ಚೆನ್ನಾಗಿ ಕೇಳುತ್ತಾರೆ. ಇನ್ನೂ ಮೇಲಾದದ್ದು, ಐದಾರು ವರ್ಷದಿಂದ ಮಾತ್ರೆ ತಪ್ಪಿಸದೆ ಗಟ್ಟಿಮುಟ್ಟಾಗಿರುವ ಊರಿನ ಅಜ್ಜಿಯೊಬ್ಬರನ್ನು ಒಪ್ಪಿಸಿ, ಅವರ ಅನುಭವವನ್ನು ಅವರ ಬಾಯಿಂದಲೇ ರೆಕಾರ್ಡ್ ಮಾಡುವುದು. ಯಾರದೇ ಬಿಪಿ ಅಂಕಿಯನ್ನಾಗಲಿ ಹೆಸರನ್ನಾಗಲಿ ಅವರನ್ನು ಕೇಳದೆ ಗುಂಪಿಗೆ ಹಾಕಬೇಡಿ.

ಇನ್ನೊಂದು ಎಚ್ಚರಿಕೆ ನಿಮ್ಮ ಪಾಠದಲ್ಲಿ ಸೇರಲೇಬೇಕು. ಆರೋಗ್ಯದ ಕರೆ ನಂಬಲು ಕಲಿತ ಹಿರಿಯರನ್ನು ವಂಚಕರೂ ಅದೇ ಹೆಸರಿನಲ್ಲಿ ಕರೆಯಬಹುದು. ಆರೋಗ್ಯ ಕಾರ್ಡ್ ಮಾಡಲು ನೀವು ಮನೆಯಲ್ಲಿ ಎದುರು ಕೂತು ಒಟಿಪಿ ಕೇಳುವುದು ಬೇರೆ. ಮುಖ ಕಾಣದವರು ಫೋನಿನಲ್ಲಿ ಕೇಳಿದರೆ ಯಾವ ಕಾರಣಕ್ಕೂ ಹೇಳಕೂಡದು. ಹಣ ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಒಮ್ಮೆ ಹೀಗೆ ಮೋಸಹೋದವರು ಆಮೇಲೆ ನಿಮ್ಮ ಕರೆಯನ್ನೂ ಎತ್ತುವುದಿಲ್ಲ.

ಪ್ರಶ್ನೆ: ಉಪ್ಪು ಕಡಿಮೆ ಮಾಡಿ ಎಂದು ಫೋನಿನಲ್ಲಿ ಬರುವ ಸಂದೇಶಗಳೆಲ್ಲ ಹೇಳುತ್ತವೆ. ಎಷ್ಟು ಕಡಿಮೆ ಎಂದು ಯಾರೂ ಹೇಳುವುದಿಲ್ಲ. ನಮ್ಮದು ಐದು ಜನರ ಮನೆ, ಅತ್ತೆ ಮಾವ ಇಬ್ಬರಿಗೂ ಬಿಪಿ. ಸೈಂಧವ ಲವಣ ಬಳಸಬಹುದೇ?

ಉತ್ತರ: ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ, ಅಂದರೆ ಎಲ್ಲ ಪದಾರ್ಥಗಳಲ್ಲೂ ಸೇರಿ ಒಂದು ಸಣ್ಣ ಚಹಾ ಚಮಚ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಡುಗೆ ಮಾಡುವಾಗ ಗ್ರಾಂ ಎಣಿಸಲು ಆಗದು, ಪ್ಯಾಕೆಟ್ಟಿನ ಲೆಕ್ಕ ಇಟ್ಟುಕೊಳ್ಳಿ. ಐದು ಜನಕ್ಕೆ ದಿನಕ್ಕೆ 25 ಗ್ರಾಂ ಎಂದರೆ ಒಂದು ಕಿಲೊ ಪ್ಯಾಕೆಟ್ 40 ದಿನ ಬರಬೇಕು. ಒಡೆದ ದಿನವನ್ನು ಪ್ಯಾಕೆಟ್ಟಿನ ಮೇಲೆ ಬರೆದಿಡಿ. 20 ದಿನಕ್ಕೇ ಖಾಲಿಯಾದರೆ ನಿಮ್ಮ ಮನೆಯವರು ಇಮ್ಮಡಿ ಉಪ್ಪು ತಿನ್ನುತ್ತಿದ್ದಾರೆ. ಉಪ್ಪಿನಕಾಯಿ, ಸಂಡಿಗೆ ಹಾಕುವ ತಿಂಗಳನ್ನು ಬೇರೆ ಲೆಕ್ಕ ಹಿಡಿಯಿರಿ, ಆದರೆ ಆ ಉಪ್ಪು ಕೂಡ ವರ್ಷಪೂರ್ತಿ ಹೊಟ್ಟೆಗೇ ಹೋಗುತ್ತದೆ ಎಂಬುದು ನೆನಪಿರಲಿ. ಹಳ್ಳಿಯ ಅಡುಗೆಯಲ್ಲಿ ಒಂದು ಅನುಕೂಲವಿದೆ: ಜೋಳದ ರೊಟ್ಟಿಗೂ ರಾಗಿ ಮುದ್ದೆಗೂ ಬಹಳ ಮನೆಗಳಲ್ಲಿ ಉಪ್ಪು ಹಾಕುವುದಿಲ್ಲ. ಉಪ್ಪು ಬರುವುದು ಜೊತೆಗಿರುವ ಚಟ್ನಿಪುಡಿ, ಉಪ್ಪಿನಕಾಯಿ, ಹಪ್ಪಳ, ಸಾರಿನಿಂದ. ಸಾರಿಗೆ ಹುಣಸೆಹುಳಿಯನ್ನೋ ನಿಂಬೆಯನ್ನೋ ಸ್ವಲ್ಪ ಹೆಚ್ಚು ಮಾಡಿ ಉಪ್ಪನ್ನು ವಾರವಾರಕ್ಕೂ ಚಿಟಿಕೆ ಚಿಟಿಕೆಯಾಗಿ ಇಳಿಸಿದರೆ ನಾಲಿಗೆ ಹೊಂದಿಕೊಳ್ಳುತ್ತದೆ. ಅತ್ತೆ ಮಾವನಿಗೆಂದು ಬೇರೆ ಸಪ್ಪೆ ಅಡುಗೆ ಮಾಡಿದರೆ ಅವರು ನೊಂದುಕೊಳ್ಳುತ್ತಾರೆ, ಇಡೀ ಮನೆಯೇ ಇಳಿಸುವುದು ಒಳ್ಳೆಯದು.

ಸೈಂಧವ ಲವಣವೂ ಬಹುಪಾಲು ಸೋಡಿಯಂ ಕ್ಲೋರೈಡೇ, ಬಿಪಿಯ ಮಟ್ಟಿಗೆ ಅದರಿಂದ ಉಪಯೋಗವಿಲ್ಲ. ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಸೇರಿಸಿದ ಉಪ್ಪಿನ ವಿಚಾರ ಬೇರೆ. ಚೀನಾದ 600 ಹಳ್ಳಿಗಳಲ್ಲಿ, ಮೊದಲೇ ಲಕ್ವ ಹೊಡೆದಿದ್ದ ಅಥವಾ 60 ದಾಟಿ ಬಿಪಿ ಇದ್ದ ಸುಮಾರು 21,000 ಜನರ ಮೇಲೆ ಐದು ವರ್ಷ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಾಲ್ಕರಲ್ಲೊಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪು ಬಳಸಿದವರಲ್ಲಿ ಲಕ್ವ ಶೇ 14ರಷ್ಟು ಕಡಿಮೆಯಾಗಿತ್ತು. ಆದರೆ ಮೂತ್ರಪಿಂಡದ ತೊಂದರೆ ಇರುವವರಿಗೆ ಇದು ಅಪಾಯಕಾರಿ. ಟೆಲ್ಮಿಸಾರ್ಟನ್, ಎನಾಲಾಪ್ರಿಲ್‌ನಂಥ ಮಾತ್ರೆ ನುಂಗುವವರ ರಕ್ತದಲ್ಲಿಯೂ ಪೊಟ್ಯಾಸಿಯಂ ಏರಬಹುದು. ವೈದ್ಯರನ್ನು ಕೇಳಿ, ಅವರು ಸರಿ ಎಂದ ಮೇಲೆ ತನ್ನಿ. ಹಾಗೆಯೇ ಎಲೆ ಅಡಿಕೆಯ ಜೊತೆ ಅತ್ತೆಯವರು ಹೊಗೆಸೊಪ್ಪು ಹಾಕುತ್ತಿದ್ದರೆ ಅದನ್ನು ಬಿಡಿಸುವ ಪ್ರಯತ್ನವನ್ನೂ ಮಾಡಿ, ತಂಬಾಕು ಜಗಿದಾಗ ಬಿಪಿ ಏರುತ್ತದೆ.

ಪ್ರಶ್ನೆ: ಊರಿನಲ್ಲಿರುವ ಅಪ್ಪನಿಗೆ ಬಿಪಿ ನೋಡುವ ಮಷಿನ್ ಕೊಡಿಸಿದ್ದೇನೆ. ಅವರು ಫೋನಿನಲ್ಲಿ ದಿನಕ್ಕೆ ನಾಲ್ಕು ಸಲ ಅಂಕಿ ಹೇಳುತ್ತಾರೆ, ಪ್ರತಿ ಸಲವೂ ಬೇರೆ ಬೇರೆ. ಒಮ್ಮೆ 160 ಬಂದಾಗ ನಾವೆಲ್ಲ ಗಾಬರಿಯಾದೆವು. ಯಾವ ಅಂಕಿಗೆ ಹೆದರಬೇಕು?

ಉತ್ತರ: ಬಿಪಿ ದಿನದೊಳಗೆ ಏರಿಳಿಯುವುದು ಸಹಜ. ಅಪ್ಪನಿಗೆ ಫೋನಿನಲ್ಲೇ ಅಳೆಯುವ ಕ್ರಮ ಕಲಿಸಿ: ಬೀಡಿ, ಚಹಾ, ನಡಿಗೆ ಆಗಿ ಅರ್ಧ ಗಂಟೆ ಕಳೆದಿರಬೇಕು, ಮೂತ್ರಕ್ಕೆ ಹೋಗಿ ಬಂದಿರಬೇಕು. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಪಾದ ನೆಲಕ್ಕೂರಿ, ಐದು ನಿಮಿಷ ಮಾತಿಲ್ಲದೆ ಕೂತು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಪಟ್ಟಿಯನ್ನು ಅಂಗಿಯ ಮೇಲೆ ಕಟ್ಟದೆ ಬರಿ ತೋಳಿಗೆ ಕಟ್ಟಬೇಕು. ಫೋನಿನಲ್ಲಿ ನಿಮ್ಮೊಡನೆ ಮಾತಾಡುತ್ತ ಅಳೆದರೆ ಅಂಕಿ ಹೆಚ್ಚೇ ಬರುತ್ತದೆ, ಅಳೆದು ಮುಗಿದ ಮೇಲೆ ಕರೆ ಮಾಡಲಿ. ದಿನಕ್ಕೆ ನಾಲ್ಕು ಸಲ ಬೇಡ. ವೈದ್ಯರ ಬಳಿ ಹೋಗುವ ಮುಂಚಿನ ಒಂದು ವಾರ, ಬೆಳಿಗ್ಗೆ ಮಾತ್ರೆಗೆ ಮೊದಲು ಮತ್ತು ಸಂಜೆ, ಒಂದು ನಿಮಿಷ ಬಿಟ್ಟು ಎರಡೆರಡು ಸಲ ಅಳೆದು ಬರೆದಿಡಲಿ. ಬರೆಯಲು ಬಾರದಿದ್ದರೆ ನೀವು ಕೇಳಿ ಬರೆದುಕೊಳ್ಳಿ. ವೈದ್ಯರು ಆ ವಾರದ ಸರಾಸರಿಯನ್ನು ನೋಡುತ್ತಾರೆ. ಆಸ್ಪತ್ರೆಯಲ್ಲಿ 140/90 ಎಂಬ ಗಡಿಗೆ ಮನೆಯಲ್ಲಿ ಸಮನಾದದ್ದು 135/85. ಸರಾಸರಿ ಅದಕ್ಕಿಂತ ಮೇಲಿದ್ದರೆ ಮಾತ್ರೆ ಸಾಲುತ್ತಿಲ್ಲವೆಂದು ಅರ್ಥವಾಗಬಹುದು. ಕೂತು ಎದ್ದಾಗ ಕಣ್ಣಿಗೆ ಕತ್ತಲೆ ಬರುತ್ತದೆ ಎಂದರೆ ಅದನ್ನೂ ವೈದ್ಯರಿಗೆ ಹೇಳಿ, ವಯಸ್ಸಾದವರಲ್ಲಿ ಎದ್ದು ನಿಂತಾಗ ಬಿಪಿ ಇಳಿದು ಬೀಳುವ ಅಪಾಯವಿದೆ.

ಒಂದೇ ಒಂದು 160ಕ್ಕೆ ಗಾಬರಿ ಬೇಡ. ಮೇಲಿನ ಅಂಕಿ 180 ಅಥವಾ ಕೆಳಗಿನದು 120 ದಾಟಿದರೆ ಐದು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ನೋಡಿಸಿ. ಮತ್ತೆಯೂ ಅಷ್ಟೇ ಇದ್ದು ಬೇರೇನೂ ತೊಂದರೆ ಇಲ್ಲದಿದ್ದರೆ ಅಂದೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಲು ಅಕ್ಕಪಕ್ಕದವರಿಗೆ ಹೇಳಿ. ಬೇಗ ಇಳಿಯಲಿ ಎಂದು ಎರಡು ಮೂರು ಮಾತ್ರೆ ಒಟ್ಟಿಗೆ ನುಂಗಿಸಬೇಡಿ, ಒಮ್ಮೆಲೇ ಕುಸಿದ ಬಿಪಿಯೂ ಮಿದುಳಿಗೆ ಕೇಡು. ಎದೆನೋವು, ಏದುಸಿರು ಇದ್ದರೆ, ಅಥವಾ ಬಾಯಿ ಒಂದು ಬದಿಗೆ ಸೊಟ್ಟಗಾಗಿ, ಒಂದು ಕೈ ಎತ್ತಲಾಗದೆ, ಮಾತು ತೊದಲಿದರೆ ಮಷಿನ್ ಹುಡುಕುತ್ತ ಕೂರಬೇಡಿ. ಬಿಪಿ ಎಷ್ಟೇ ಇರಲಿ, 108ಕ್ಕೆ ಕರೆ ಮಾಡಿ, ಲಕ್ಷಣ ಶುರುವಾದ ಗಂಟೆಯನ್ನು ಗುರುತಿಟ್ಟುಕೊಳ್ಳಿ. ಮಿದುಳಿನ ರಕ್ತನಾಳ ಕಟ್ಟಿಕೊಂಡು ಲಕ್ವ ಹೊಡೆದಿದ್ದರೆ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಸೂಜಿಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಮಾತ್ರ ಕೊಡಲು ಬರುತ್ತದೆ, ಹಳ್ಳಿಯಿಂದ ಅದು ಸಿಗುವ ಆಸ್ಪತ್ರೆ ತಲುಪುವುದರಲ್ಲೇ ಅದರ ದೊಡ್ಡ ಪಾಲು ಕಳೆದುಹೋಗುತ್ತದೆ. ನಿಮಗೆ ಕರೆ ಮಾಡುವುದಕ್ಕೆ ಮೊದಲೇ 108ಕ್ಕೆ ಕರೆ ಮಾಡಬೇಕೆಂದು ಅಪ್ಪನಿಗೂ ಪಕ್ಕದ ಮನೆಯವರಿಗೂ ಇಂದೇ ಹೇಳಿಡಿ. ಅಪ್ಪನದು ಕೀಪ್ಯಾಡ್ ಫೋನಾಗಿದ್ದರೆ ಒಂದು ಗುಂಡಿಯನ್ನು ಒತ್ತಿ ಹಿಡಿದರೆ ನೇರವಾಗಿ ನೆರೆಮನೆಯವರಿಗೆ ಕರೆ ಹೋಗುವಂತೆ ಮಾಡಿಸಿ, ಅದನ್ನು ಅವರ ಕೈಯಿಂದಲೇ ಎರಡು ಸಲ ಒತ್ತಿಸಿ ನೋಡಿ.